ಹುಳ ಹಣ್ಣಾದ ದಿನದ ಫೈನಲ್

ನಾನು ಗೋಲ್‌ಕೀಪರ್ ಆದದ್ದು ಪ್ರತಿಭೆಯಿಂದಲ್ಲ, ಎತ್ತರದಿಂದ. ಮಾಗಡಿಯ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದಾಗ ಪಿ.ಟಿ. ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀನು ಸುಮ್ನೆ ನಿಂತ್ಕೊಂಡ್ರೂ ಅರ್ಧ ಗೋಲು ಮುಚ್ಚೋಯ್ತದೆ" ಅಂದರು. ಉಳಿದ ಅರ್ಧದ ಬಗ್ಗೆ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಎದುರಾಳಿಗಳು ಮಾತ್ರ ಯೋಚಿಸಿದರು. ಚನ್ನಪಟ್ಟಣದಲ್ಲಿ ಆಡಿದ ಮೊದಲ ಪಂದ್ಯದಲ್ಲಿ ನಾನು ಎಷ್ಟು ಗೋಲು ಬಿಟ್ಟೆ ಅನ್ನುವುದು ಇವತ್ತಿಗೂ ಖಚಿತವಿಲ್ಲ. ಗೋಲು ಬರೆದುಕೊಳ್ಳುತ್ತಿದ್ದವರು ನಡುವೆ ಒಮ್ಮೆ ಪೆನ್ಸಿಲ್ ಕೆತ್ತಲು ಎದ್ದು ಹೋಗಿದ್ದರಂತೆ. ಕನಕಪುರದಲ್ಲಿ ಮಾತ್ರ ಒಂದು ಪೆನಾಲ್ಟಿ ತಡೆದೆ. ಯಾವ ಕಡೆ ಹಾರಬೇಕು ಅಂತ ನಾನು ಇನ್ನೂ ಯೋಚಿಸುತ್ತಿರುವಾಗಲೇ ಚೆಂಡು ನೇರವಾಗಿ ಬಂದು ಹಣೆಗೆ ಬಡಿದು ವಾಪಸ್ ಹೋಯಿತು. ತಂಡದವರು ಓಡಿ ಬಂದು ಅಪ್ಪಿಕೊಂಡದ್ದು ನೆನಪಿದೆ. ಆಮೇಲಿನ ಹತ್ತು ನಿಮಿಷ ನೆನಪಿಲ್ಲ.

ನಮ್ಮಲ್ಲಿ ನಿಜವಾಗಿ ಆಡುತ್ತಿದ್ದವಳು ಒಬ್ಬಳೇ, ಕ್ಯಾಪ್ಟನ್. ನಮ್ಮೂರಿನವಳೇ, ನಮ್ಮ ಮನೆಗೆ ನಾಲ್ಕು ಮನೆ ಆಚೆಯವಳು. ಅವಳ ಎಡಗಾಲಿಗೆ ಚೆಂಡು ಸಿಕ್ಕಿದರೆ ನಾವು ಉಳಿದ ಹತ್ತು ಜನ ಮೈದಾನದಲ್ಲೇ ಕೂತು ಶೂ ಲೇಸು ಕಟ್ಟಿಕೊಳ್ಳಬಹುದಿತ್ತು. ಆ ಆಗಸ್ಟಿನಲ್ಲಿ ರಾಮನಗರದ ಕ್ರೀಡಾಂಗಣದಲ್ಲಿ ಜಿಲ್ಲಾ ತಂಡದ ಆಯ್ಕೆ ಅಂತ ಸುದ್ದಿ ಬಂತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಮನೆಯವರ ಸಹಿ ಇರುವ ಒಪ್ಪಿಗೆ ಪತ್ರ ತರಬೇಕು. ನನ್ನ ಪತ್ರಕ್ಕೆ ಅಪ್ಪ ಓದದೆಯೇ ಸಹಿ ಹಾಕಿದರು. ಅವಳ ಪತ್ರವನ್ನು ಅವಳ ಅಪ್ಪ ಎರಡು ಸಲ ಓದಿ ಮಡಚಿ ಅವಳ ಕೈಗೇ ವಾಪಸ್ ಕೊಟ್ಟರು.

ಅವರನ್ನು ನಾನು ಮಾವ ಅನ್ನುತ್ತೇನೆ. ನೆಂಟಸ್ತಿಕೆ ಏನೂ ಇಲ್ಲ, ಊರಿನ ವಾಡಿಕೆ. ನಮ್ಮ ಹಾಗೆಯೇ ರೇಷ್ಮೆ ಹುಳ ಸಾಕುವವರು, ಕೆಟ್ಟ ಮನುಷ್ಯರಲ್ಲ. ಅವರ ತಕರಾರು ಎರಡೇ. ಅವತ್ತು ಅವರ ಜಗಲಿಯ ಮೇಲೆ ಕೂತು ಎರಡನ್ನೂ ನನಗೇ ಹೇಳಿದರು.

"ನೋಡಮ್ಮಿ, ನಮ್ ಹುಳ ನಾಲ್ಕನೇ ಜ್ವರ ಎದ್ದವೆ. ಇನ್ನು ದಿನಕ್ಕೆ ಮೂರ್ ಹೊತ್ತು ಸೊಪ್ಪು. ಇವರವ್ವ ನೋಡುದ್ರೆ ಕೈ ಉಳುಕುಸ್ಕೊಂಡು ಪಟ್ಟಿ ಕಟ್ಕೊಂಡು ಕುಂತವ್ಳೆ. ಸೋಮವಾರ ಇವಳೂ ಬಸ್ ಹತ್ತಿ ಹೊಂಟೋದ್ರೆ ಸೊಪ್ಪು ಕೊಯ್ಯೋರ್ ಯಾರು, ನಿಮ್ ಮೇಷ್ಟ್ರಾ?"

"ಒಂದಿನ ಅಲ್ವಾ ಮಾವ?"

"ಒಂದಿನಾನೇ ಕಣವ್ವ. ಹೋಗ್ಲಿ, ಸೇರ್ಕೊಂಡ್ಲು ಅನ್ನು. ಆಮೇಲೆ? ಹೆಣ್ಮಕ್ಳು ಫುಟ್‌ಬಾಲ್ ಆಡುದ್ರೆ ಯಾರಮ್ಮಿ ನೋಡ್ತಾರೆ? ನೀವ್ ಆಡಿದ್ದ ಯಾರ್ ನೋಡವ್ರೆ?"

ಚನ್ನಪಟ್ಟಣದಲ್ಲಿ ನಮ್ಮನ್ನು ನೋಡಿದ್ದು ಎರಡು ಹಸು ಮತ್ತು ಕಡಲೆಕಾಯಿ ಮಾರುವವರು. ಕಡಲೆಕಾಯಿಯವರೂ ಅರ್ಧಕ್ಕೇ ಎದ್ದು ಹೋದರು.

ಜ್ವರ ಅಂದರೆ ಹುಳಕ್ಕೆ ಕಾಯಿಲೆ ಅಲ್ಲ. ರೇಷ್ಮೆ ಹುಳ ಪೊರೆ ಕಳಚಲು ತಿನ್ನುವುದು ಬಿಟ್ಟು ತಲೆ ಎತ್ತಿ ಕೂರುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ವಾರಗಟ್ಟಲೆ ಹಸಿದವರಂತೆ ತಿಂದು, ಒಂದು ದಿನ ಮೈ ಹಳದಿಯಾಗಿ, ಹಿಪ್ಪುನೇರಳೆ ಸೊಪ್ಪು ಬೇಡ ಅಂತ ಅಲೆಯಲು ಶುರುಮಾಡುತ್ತವೆ. ಅದು ಹುಳ ಹಣ್ಣಾಗುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ಅಲ್ಲೇ ಅವು ಗೂಡು ಕಟ್ಟುವುದು. ತಡಮಾಡಿದರೆ ರೇಷ್ಮೆಯನ್ನೆಲ್ಲ ಸಿಕ್ಕಸಿಕ್ಕಲ್ಲಿ ಉಗುಳಿ ಹಾಳುಮಾಡುತ್ತವೆ. ನಮ್ಮ ಮನೆಯ ಹುಳ ಮಾವನ ಮನೆಯ ಹುಳಕ್ಕಿಂತ ವಾರ ಮುಂದಿತ್ತು. ಹಣ್ಣಾಗುವ ಹೊತ್ತು ಬಂದಿತ್ತು.

ಆಯ್ಕೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಮೂರೂವರೆಗೆ ಆಸ್ಟ್ರೇಲಿಯಾದಲ್ಲಿ ಹೆಂಗಸರ ವಿಶ್ವಕಪ್ ಫೈನಲ್. ಸ್ಪೇನ್ ಮತ್ತು ಇಂಗ್ಲೆಂಡ್. ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಮಾವನನ್ನು ನಮ್ಮ ಮನೆ ಟಿ.ವಿ. ಮುಂದೆ ಕೂರಿಸಿದರೆ ಯಾರು ನೋಡುತ್ತಾರೆ ಅನ್ನುವ ಪ್ರಶ್ನೆಗೆ ಟಿ.ವಿ.ಯೇ ಉತ್ತರ ಕೊಡುತ್ತದೆ. ನಾನು ಇಡೀ ತಂಡವನ್ನು ಕರೆದೆ. ಮಾವನಿಗೆ ಕಾಫಿಗೆ ಬನ್ನಿ ಅಂದೆ. ಅಪ್ಪನಿಗೆ ಮಾತ್ರ ನಿಜ ಹೇಳಿದೆ.

ಅಪ್ಪ ಶುಕ್ರವಾರ ಒಂದು ಪುಟ್ಟ ಸೀಸೆ ತಂದು ನನ್ನ ಕೈಗೆ ಕೊಟ್ಟರು. ಹುಳವೆಲ್ಲ ಒಟ್ಟಿಗೇ ಹಣ್ಣಾಗಲು ಸೊಪ್ಪಿಗೆ ಚಿಮುಕಿಸುವ ಔಷಧಿ.

"ಇವತ್ತು ಸಾಯಂಕಾಲ ಇದ ನೀರಿಗ್ ಬೆರೆಸಿ ಸೊಪ್ಪಿಗೆ ಹೊಡ್ದು ಹಾಕ್ಬುಡು. ಶನಿವಾರ ಸಂಜೆಗೆ ಎಲ್ಲಾ ಹಣ್ಣಾಗೋಯ್ತವೆ. ಭಾನುವಾರ ನೀನು, ನಿನ್ ಮ್ಯಾಚು."

ಇದಕ್ಕಿಂತ ಸುಲಭದ ಕೆಲಸ ಪ್ರಪಂಚದಲ್ಲಿ ಇರಲಿಲ್ಲ. ಅದಕ್ಕೇ ನಾನು ಅದನ್ನು ಮರೆತೆ. ಶುಕ್ರವಾರ ಸಂಜೆ ಹಿತ್ತಿಲಲ್ಲಿ ಹುಳ ತಿಂದುಬಿಟ್ಟ ಕಡ್ಡಿಯ ರಾಶಿಯ ಮೇಲೆ ಹಾರಿ ಬಿದ್ದು ಗೋಲ್‌ಕೀಪಿಂಗ್ ಅಭ್ಯಾಸ ಮಾಡುತ್ತಿದ್ದೆ. ಬಲಕ್ಕೆ ಇಪ್ಪತ್ತು ಸಲ, ಎಡಕ್ಕೆ ಇಪ್ಪತ್ತು ಸಲ. ಎಡಕ್ಕೆ ಬಿದ್ದಾಗ ಕಡ್ಡಿಯೊಂದು ಎಲ್ಲಿ ಚುಚ್ಚಬಾರದೋ ಅಲ್ಲಿ ಚುಚ್ಚಿತು. ಒಲೆಯ ಮುಂದೆ ಬೋರಲು ಮಲಗಿ ಅರಿಶಿನ ಹಚ್ಚಿಸಿಕೊಳ್ಳುವ ಹೊತ್ತಿಗೆ ಸೀಸೆ ನನ್ನ ಮನಸ್ಸಿನಿಂದ ಎದ್ದು ಹೋಗಿತ್ತು.

ನೆನಪಾದದ್ದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಬುದ್ಧಿ ಇರುವವರು ಅಪ್ಪನ ಹತ್ತಿರ ಹೋಗಿ ಹೇಳುತ್ತಿದ್ದರು. ನಾನು ಯಾರೂ ಇಲ್ಲದ್ದು ನೋಡಿ ಸೊಪ್ಪಿಗೆ ಗಡಿಬಿಡಿಯಲ್ಲಿ ಚಿಮುಕಿಸಿ ಹಾಕಿದೆ. ತಡವಾಗಿ ಹಾಕಿದರೂ ಹುಳ ನನ್ನ ಮರ್ಯಾದೆ ಉಳಿಸಲು ಒಸಿ ಬೇಗ ಹಣ್ಣಾಗುತ್ತವೆ ಅಂತ ನಂಬಿದ್ದೆ. ಸಂಜೆ ಅಪ್ಪ ಹುಳದ ಮನೆಯಿಂದ ತಲೆ ಕೆರೆದುಕೊಂಡು ಹೊರಬಂದರು.

"ಯಾಕಮ್ಮಿ ಇನ್ನೂ ತಿಂತಾನೇ ಅವೆ?"

"ಔಷಧೀನೇ ಡೂಪ್ಲಿಕೇಟ್ ಇರ್ಬೇಕು ಕಣಪ್ಪ," ಅಂದೆ. ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ನನ್ನ ಮುಖವನ್ನು ಒಂದು ಸಲ ನೋಡಿ ಸುಣ್ಣದ ಡಬ್ಬಿ ಮುಚ್ಚಿದರು.

ಔಷಧಿ ಅಸಲಿಯೇ. ಸೀಸೆಯ ಮೇಲೆ ಇಪ್ಪತ್ತನಾಲ್ಕು ಗಂಟೆ ಅಂತ ಬರೆದಿತ್ತು, ಹುಳಗಳು ಗಡಿಯಾರ ಕಟ್ಟಿಕೊಂಡಿದ್ದವೇನೋ ಅನ್ನುವ ಹಾಗೆ ನಡೆದುಕೊಂಡವು. ಭಾನುವಾರ ಮೂರು ಗಂಟೆಗೆ ನಮ್ಮ ತಂಡ ಮಾಗಡಿಯಿಂದ ಬಸ್ಸಿಳಿದು ಅಂಗಳಕ್ಕೆ ಕಾಲಿಡುವುದಕ್ಕೂ ಅವ್ವ ಹುಳದ ಮನೆಯಿಂದ ಕಿರುಚಿಕೊಂಡು ಓಡಿ ಬರುವುದಕ್ಕೂ ಸರಿಹೋಯಿತು.

"ಅಯ್ಯೋ ಎಲ್ಲಾ ಒಟ್ಗೇ ಹಣ್ಣಾಗೋದ್ವು! ಗೋಡೆ ಹತ್ತಾವೆ!"

ಒಳಗೆ ಹೋಗಿ ನೋಡಿದೆ. ಒಂದೊಂದು ಅಟ್ಟಣೆಯ ಮೇಲೂ ಹಳದಿ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕ್ರೀಡಾಂಗಣ ತುಂಬಿದ ಹಾಗೆ ಕಂಡಿತು, ಕೆಟ್ಟ ಶಕುನದಂತೆ.

ಅಪ್ಪ ಮುಯ್ಯಾಳು ಕೂಗಲು ಬೀದಿಗೆ ಓಡಿದರು. ನಮ್ಮ ಕಡೆ ಮುಯ್ಯಿ ಅಂದರೆ ಕೂಲಿಯಿಲ್ಲದ ಕೆಲಸ. ನಿಮ್ಮ ಮನೆಯ ಕೆಲಸಕ್ಕೆ ನಾನೊಂದು ದಿನ ಬಂದರೆ ನನ್ನ ಮನೆಯ ಕೆಲಸಕ್ಕೆ ನೀವೊಂದು ದಿನ ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ. ಮುಯ್ಯಿ ತೀರಿಸಲು ಬಂದವರನ್ನು ಬೇಡ ಅಂದರೆ ನಮ್ಮ ಬಾಗಿಲು ತುಳಿಯಬೇಡಿ ಅಂದ ಹಾಗೆ. ಆದರೆ ಭಾನುವಾರ ಮಧ್ಯಾಹ್ನ ಊರಿನಲ್ಲಿ ಯಾರಿದ್ದಾರೆ? ಅರ್ಧ ಜನ ಮದುವೆಗೆ ಹೋಗಿದ್ದರು. ಸಿಕ್ಕಿದ್ದು ಮಾವ ಒಬ್ಬರೇ. ಅವರ ಹಿಂದಿನ ಬೆಳೆಗೆ ಅಪ್ಪ ಒಂದು ದಿನ ದುಡಿದಿದ್ದರಿಂದ ಅವರು ಪಂಚೆ ಎತ್ತಿಕಟ್ಟಿಕೊಂಡು ತಕ್ಷಣ ಬಂದರು. ಹಿಂದೆಯೇ ಕ್ಯಾಪ್ಟನ್. ಅವಳು ಬಂದದ್ದು ಮ್ಯಾಚಿಗೆ.

ಅಜ್ಜಿ ಅಂಗಳದಲ್ಲಿ ನಿಂತು ಜರ್ಸಿ ಹಾಕಿಕೊಂಡು ಸಾಲಾಗಿ ನಿಂತಿದ್ದ ಹುಡುಗಿಯರನ್ನು ನೋಡಿದರು.

"ಇವರೆಲ್ಲಾ ಯಾರಮ್ಮಿ?"

"ನಮ್ ಟೀಮು ಅಜ್ಜಿ."

"ಕೈ ಅವೆ ತಾನೆ? ಬನ್ರವ್ವ, ಕೈ ತೊಳ್ಕೊಳಿ. ಇದ್ಯಾರು ಗಮಗಮ ಅಂತಾ ಇರೋಳು? ಸೆಂಟ್ ವಾಸ್ನೆಗೆ ಹುಳ ಸತ್ತೋಯ್ತವೆ, ನೀನು ಒಳಗ್ ಬರ್ಬೇಡ, ಹೊರಗೇ ಚಂದ್ರಿಕೆ ಹಿಡ್ಕೊ."

"ಅಜ್ಜಿ, ಮ್ಯಾಚು..." ಅಂದಳು ನಮ್ಮ ಸೆಂಟರ್ ಹಾಫ್, ಅಳುವ ದನಿಯಲ್ಲಿ.

"ಅದ್ಯಾವ ಮ್ಯಾಚೋ ಇಲ್ಲಿಗೇ ತನ್ನಿ. ಕೈ ಕೆಲಸ ಮಾಡ್ಲಿ, ಕಣ್ಣು ನೋಡ್ಲಿ."

ಹೀಗೆ ಟಿ.ವಿ. ನಡುಮನೆಯಿಂದ ಬಾಗಿಲಿಗೆ ಬಂತು. ಎತ್ತಿಕೊಂಡವಳು ನಾನು, ಆದ್ದರಿಂದ ಹೊಸ್ತಿಲು ದಾಟುವಾಗ ಎಡವಿದೆ. ಟಿ.ವಿ.ಗೆ ಏನೂ ಆಗಲಿಲ್ಲ, ಕ್ಯಾಪ್ಟನ್ ಹಿಡಿದುಕೊಂಡಳು. ಜಗಲಿಯ ಮೇಲೆ ಚಂದ್ರಿಕೆ ಹಾಸಿದೆವು. ಹುಡುಗಿಯರು ಹುಳದ ಮನೆಯಿಂದ ಹಣ್ಣುಹುಳ ಆರಿಸಿ ತಟ್ಟೆ ತಟ್ಟೆಯಾಗಿ ತರುವುದು, ಕೈ ಪಳಗಿದ ಮಾವ ಚಂದ್ರಿಕೆಗೆ ಬಿಡುವುದು. ಚಂದ್ರಿಕೆ ಇದ್ದ ಜಾಗದಿಂದ ಎಲ್ಲಿ ಕೂತರೂ ಟಿ.ವಿ. ಎದುರಿಗೇ. ಇದು ನನ್ನ ಉಪಾಯವಲ್ಲ. ನನ್ನ ಉಪಾಯಗಳು ಯಾವತ್ತೂ ಇಷ್ಟು ಚೆನ್ನಾಗಿ ನಡೆದಿಲ್ಲ.

ಆಟ ಶುರುವಾದಾಗ ಮಾವ ತಲೆ ಎತ್ತಲಿಲ್ಲ. ಹುಳ ಬಿಡುತ್ತಲೇ ಇದ್ದರು. ಆದರೆ ಸದ್ದು ಕೇಳಿಸದೆ ಇರುತ್ತದೆಯೇ? ಐದನೇ ನಿಮಿಷಕ್ಕೋ ಆರನೇ ನಿಮಿಷಕ್ಕೋ ಕಣ್ಣು ಮೇಲೆ ಬಂತು. ಕ್ಯಾಮೆರಾ ಆಗ ಜನರ ಮೇಲಿತ್ತು. ಮೇಲಿನ ಸಾಲಿನವರು ಸಾಸಿವೆ ಕಾಳಿನಷ್ಟು ಕಾಣುತ್ತಿದ್ದರು.

"ಇದ್ಯಾವ್ದು ಇಷ್ಟೊಂದ್ ಜನ? ಸಮಾವೇಶನಾ?"

"ಮ್ಯಾಚ್ ನೋಡಕ್ ಬಂದವ್ರೆ ಅಪ್ಪ," ಅಂದಳು ಕ್ಯಾಪ್ಟನ್, ತಟ್ಟೆ ಇಳಿಸುತ್ತ.

"ಲಾರೀಲ್ ಕರ್ಕೊಂಡ್ ಬಂದವ್ರಾ?"

"ಟಿಕೆಟ್ ತಕೊಂಡ್ ಬಂದವ್ರೆ."

ಮಾವನ ಕೈಯಲ್ಲಿದ್ದ ಹುಳ ಹಾಗೇ ಗಾಳಿಯಲ್ಲಿ ನಿಂತಿತು. "ದುಡ್ ಕೊಟ್ಟಾ? ಹೆಣ್ಮಕ್ಳ ಆಟಕ್ಕಾ?"

"ಹೂಂ."

"ಗಂಡಸ್ರೂ?"

"ಅಲ್ ನೋಡಪ್ಪ, ಮುಖಕ್ಕೆ ಬಣ್ಣ ಬಳ್ಕೊಂಡ್ ಅಳ್ತಾ ಕುಂತವ್ನೆ."

ಮಾವ ಆ ಗಂಡಸನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹುಳವನ್ನು ಚಂದ್ರಿಕೆಗೆ ಬಿಟ್ಟು, ಒಸಿ ಪಕ್ಕಕ್ಕೆ ಸರಿದು ಕೂತರು. ಕಂಬ ಅಡ್ಡ ಬರುತ್ತಿತ್ತು.

ಅಲ್ಲಿಂದ ಮುಂದೆ ನಮ್ಮ ಜಗಲಿಯ ಮೇಲೆ ಇಬ್ಬರು ತರಬೇತುದಾರರಾದರು, ಒಬ್ಬರು ಮಾವ, ಇನ್ನೊಬ್ಬರು ಅಜ್ಜಿ. "ಆ ನೀಲಿ ಅಂಗಿಯವ್ಳು ಯಾಕಂಗ್ ನಿಂತವ್ಳೆ? ಓಡಮ್ಮಿ, ಓಡು!" ಅಂತ ಮಾವ. "ಪಾಪ, ಉಸ್ರು ಕಟ್ತಾ ಐತೆ ಕಣ್ಲಾ, ನೀನ್ ಓಡು ನೋಡಾನ," ಅಂತ ಅಜ್ಜಿ. ಕೆಂಪು ಅಂಗಿಯ ಸ್ಪೇನಿನವಳೊಬ್ಬಳು ಎಡಗಡೆಯಿಂದ ನುಗ್ಗಿ ಬಂದು ಎಡಗಾಲಲ್ಲಿ ಹೊಡೆದಳು. ಗೋಲು! ಮಾವ ಎದ್ದು ನಿಂತುಬಿಟ್ಟರು.

"ಎಲಾ ಇವಳಾ! ಬಂದ್ಬುಟ್ಲಲ್ಲ! ಎಡಗಾಲಲ್ಲಿ!"

"ನಿಮ್ ಮಗಳೂ ಎಡಗಾಲಲ್ಲೇ ಹೊಡೆಯೋದು ಮಾವ," ಅಂದೆ ನಾನು.

"ನಂಗೊತ್ತಿಲ್ವಾ? ಹುಟ್ಟುಸ್ದೋನ್ ನಾನು," ಅಂದರು. ಗೊತ್ತಿರಲಿಲ್ಲ. ಅವಳ ಒಂದು ಪಂದ್ಯವನ್ನೂ ಅವರು ನೋಡಿರಲಿಲ್ಲ. ಕ್ಯಾಪ್ಟನ್ ಖಾಲಿ ತಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ಎರಡನೇ ಅರ್ಧದಲ್ಲಿ ಪೆನಾಲ್ಟಿ ಬಂತು. ಕೆಂಪು ಅಂಗಿಯವರು ಹೊಡೆಯಬೇಕು. ನಾನು ಅದೇ ಹೊತ್ತಿಗೆ ತುಂಬಿದ ತಟ್ಟೆ ಎತ್ತಿಕೊಂಡು ಅಂಗಳದ ನಡುವೆ ಬರುತ್ತಿದ್ದೆ. ನೋಡದೆ ಮುಂದೆ ಹೋಗಲು ಯಾವ ಗೋಲ್‌ಕೀಪರಿಗೆ ಆಗುತ್ತದೆ? ನಿಂತೆ. ಹೊಡೆದಳು. ಇಂಗ್ಲೆಂಡಿನ ಗೋಲ್‌ಕೀಪರ್ ಎಡಕ್ಕೆ ಹಾರಿ ಚೆಂಡನ್ನು ಅಪ್ಪಿಕೊಂಡಳು. ನಾನೂ ಅವಳ ಜೊತೆ ಹಾರಿದೆ. ಪ್ರಪಂಚದಲ್ಲಿ ಆ ಕ್ಷಣ ಇಬ್ಬರು ಗೋಲ್‌ಕೀಪರುಗಳು ಒಟ್ಟಿಗೆ ಹಾರಿದೆವು. ಅವಳ ಕೈಯಲ್ಲಿ ಚೆಂಡಿತ್ತು, ನನ್ನ ಕೈಯಲ್ಲಿದ್ದ ಹುಳದ ತಟ್ಟೆ ಆಕಾಶದಲ್ಲಿತ್ತು.

ಅವ್ವ ಕಿರುಚಿದ್ದು ಆಸ್ಟ್ರೇಲಿಯಾಕ್ಕೆ ಕೇಳಿಸಿರಬೇಕು. ಕ್ಯಾಪ್ಟನ್ ಹುಳದ ಮನೆ ಬಾಗಿಲಲ್ಲಿದ್ದಳು. ಅಲ್ಲಿಂದ ನಾಲ್ಕು ಹೆಜ್ಜೆ ಓಡಿ, ಮಂಡಿಯ ಮೇಲೆ ಜಾರಿ, ತಟ್ಟೆ ನೆಲ ಮುಟ್ಟುವ ಮೊದಲು ಎರಡು ಕೈಯಲ್ಲಿ ಹಿಡಿದಳು. ಹತ್ತಿಪ್ಪತ್ತು ಹುಳ ಅಜ್ಜಿಯ ಮಡಿಲಿಗೆ, ಎರಡು ನನ್ನ ತಲೆಗೂದಲಿಗೆ ಬಿದ್ದವು. ಉಳಿದವೆಲ್ಲ ತಟ್ಟೆಯಲ್ಲೇ ಇದ್ದವು, ಏನೂ ಆಗದವರಂತೆ ತಲೆ ಆಡಿಸುತ್ತ.

"ಹ್ಯಾಂಡ್‌ಬಾಲ್!" ಅಂತ ಸೆಂಟು ಹಾಕಿಕೊಂಡಿದ್ದವಳು ಕೂಗಿದಳು.

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಮಗಳ ಮಂಡಿಯಿಂದ ರಕ್ತ ಬರುತ್ತಿದ್ದದ್ದನ್ನು, ಅವಳು ಅದನ್ನು ನೋಡದೆ ಮೊದಲು ಹುಳ ನೋಡಿದ್ದನ್ನು ಅವರು ನೋಡುತ್ತಿದ್ದರು.

ಕೊನೆಯ ಸೀಟಿ ಊದಿದಾಗ ಕೆಂಪು ಅಂಗಿಯವರು ಗೆದ್ದಿದ್ದರು. ನಮ್ಮ ಹುಳ ಇನ್ನೂ ಕಾಲು ಭಾಗ ಉಳಿದಿತ್ತು. ಅಲ್ಲಿ ಅವರು ಕಪ್ಪು ಎತ್ತಿ ಕುಣಿಯುತ್ತಿದ್ದರೆ ಇಲ್ಲಿ ನಾವು ಅವರಿಗಿಂತ ಜೋರಾಗಿ ಕೂಗುತ್ತ ತಟ್ಟೆ ಹೊತ್ತು ಓಡಿದೆವು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಹುಳ ಚಂದ್ರಿಕೆ ಹತ್ತಿತು. ನಾವೂ ಏನೋ ಗೆದ್ದಿದ್ದೆವು.

ಮುದ್ದೆ, ಹುರುಳಿಕಾಳು ಸಾರಿಗೆ ಎಲ್ಲರೂ ಸಾಲಾಗಿ ಕೂತೆವು. ಕ್ಯಾಪ್ಟನ್ ತಟ್ಟೆಯ ಪಕ್ಕದಲ್ಲಿ ಒಪ್ಪಿಗೆ ಪತ್ರ ಇಟ್ಟಳು. ತನ್ನ ಅಪ್ಪನ ಕಡೆ ತಳ್ಳಲಿಲ್ಲ, ಸುಮ್ಮನೆ ಇಟ್ಟಳು. ಮಾವ ನೋಡಿದರು.

"ಜನ ನೋಡ್ತಾರೆ ಕಣವ್ವ, ಒಪ್ಕೊಂಡೆ. ಕಣ್ಣಾರೆ ಕಂಡೆ. ಆದ್ರೆ ನಾಳೆ ಸೊಪ್ಪಿಗೆ ಏನ್ ಮಾಡ್ಲಿ? ಹುಳಕ್ಕೆ ಹೇಳಕ್ಕಾಯ್ತದಾ, ಮಗಳು ರಾಮನಗರಕ್ಕೋಗವ್ಳೆ, ಉಪಾಸ ಇರಿ ಅಂತ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕ್ಯಾಪ್ಟನ್ ಪತ್ರವನ್ನು ವಾಪಸ್ ಎತ್ತಿಕೊಳ್ಳಲು ಕೈ ಚಾಚಿದಳು. ಅಜ್ಜಿ ಆ ಕೈಯ ಮೇಲೆ ಸೌಟು ಇಟ್ಟರು.

"ನಿಂದು ಹಳೇ ಮುಯ್ಯಿ, ಇವತ್ತಿಗೆ ತೀರ್ತು, ಅಲ್ವೇನಪ್ಪ?" ಅಂದರು ಮಾವನಿಗೆ.

"ಹೂಂ ಅತ್ತೆ."

"ಮತ್ತೆ ನಿನ್ ಮಗಳು ದುಡಿದಳಲ್ಲ, ಅದು ಯಾವ್ ಮುಯ್ಯಿ?"

"ಅವಳ್ ಆಟ ನೋಡಕ್ ಬಂದಿದ್ದು..."

"ಯಾತಕ್ ಬಂದ್ಲೋ ನಂಗೆ ಬ್ಯಾಡ. ನನ್ ಮನೆ ಹುಳ ಮುಟ್ಟವ್ಳೆ, ಮಂಡಿ ಒಡ್ಕೊಂಡವ್ಳೆ. ನನ್ ಮನೆ ಅವಳಿಗೊಂದು ಆಳು ಕೊಡ್ಬೇಕು. ನಾಳೇನೇ ಕೊಡ್ತೀನಿ. ಬ್ಯಾಡ ಅಂತೀಯಾ?"

ಮಾವನ ಬಾಯಿಗೆ ಹೋಗುತ್ತಿದ್ದ ಮುದ್ದೆ ಅರ್ಧದಲ್ಲಿ ನಿಂತಿತು. ಬೇಡ ಅನ್ನುವ ಹಾಗಿರಲಿಲ್ಲ. ಊರಿನಲ್ಲಿ ಯಾರೂ ಅಂದವರಿಲ್ಲ.

"ಯಾರ್ ಬತ್ತಾರೆ ಅತ್ತೆ?"

ಅಜ್ಜಿ ನನ್ನ ಕಡೆ ತಿರುಗಿದರು. ನಗುತ್ತಿದ್ದರು. "ಇವಳು. ಶುಕ್ರವಾರದ ಔಷಧೀನ ಶನಿವಾರ ಹೊಡ್ದೋಳು."

ಅಪ್ಪ ಊಟ ನಿಲ್ಲಿಸಿ ನನ್ನನ್ನು ನೋಡಿದರು. ನಾನು ಸಾರಿನಲ್ಲಿ ಒಂದು ಹುರುಳಿಕಾಳನ್ನು ಬಹಳ ಶ್ರದ್ಧೆಯಿಂದ ಹುಡುಕಿದೆ.

"ಲೇ, ನಿಂದೂ ಸೆಲೆಕ್ಷನ್ ಅಲ್ವೇನೆ?" ಅಂತ ಕ್ಯಾಪ್ಟನ್ ಪಿಸುಗುಟ್ಟಿದಳು. ಅವಳ ಮುಖ ಸಣ್ಣದಾಗಿತ್ತು.

"ನಾನ್ ಬಂದ್ರೆ ಗೋಲಲ್ಲಿ ನಿಲ್ಸಿ ನಿನ್ ಕೈಲಿ ಹೊಡುಸ್ತಾರೆ. ನನ್ನ ಸೋಲ್ಸಿ ಸೆಲೆಕ್ಟ್ ಆಗೋದು ನಿಂಗೂ ಮರ್ಯಾದೆ ಅಲ್ಲ," ಅಂದೆ. ತಮಾಷೆಗೇ ಅಂದದ್ದು. ಆದರೂ ಅಪ್ಪ ಓದದೆಯೇ ಸಹಿ ಹಾಕಿದ್ದ ನನ್ನ ಪತ್ರವೂ ಆಗ ನೆನಪಾಯಿತು ಅನ್ನುವುದನ್ನು ಇಲ್ಲಿ ಬರೆದುಬಿಡುತ್ತೇನೆ. ಕನಕಪುರದಲ್ಲಿ ಹಣೆಯಿಂದಲೇ ಆದರೂ ಪೆನಾಲ್ಟಿ ತಡೆದವಳು ನಾನೇ.

ಮಾವ ಎಡಗೈಯಲ್ಲಿ ಪತ್ರ ಹಿಡಿದು ಬಲಗೈ ತೊಳೆದುಕೊಂಡು ಬಂದು ಸಹಿ ಹಾಕಿದರು.

ಸೋಮವಾರ ಬೆಳಕು ಹರಿಯುವಾಗ ಅವಳು ಬಸ್ ಹತ್ತಿದಳು, ನಾನು ಕುಡುಗೋಲು ಹಿಡಿದೆ. ಮಾವನ ತೋಟದ ಸೊಪ್ಪು ನನ್ನೆತ್ತರ ಬೆಳೆದಿತ್ತು. ಹತ್ತು ಗಂಟೆಗೆ ನನಗೆ ಸೊಂಟ ಇರುವುದು ಗೊತ್ತಾಯಿತು, ಹನ್ನೊಂದಕ್ಕೆ ಅದು ಇಲ್ಲದಿರುವುದು ಗೊತ್ತಾಯಿತು. ಒಂದು ಹೊರೆ ಕಟ್ಟಲು ಹೋಗಿ ಹೊರೆಯ ಜೊತೆ ನನ್ನ ದುಪಟ್ಟಾವನ್ನೂ ಸೇರಿಸಿ ಬಿಗಿದೆ. ಮಾವ ಹೊರೆ ಎತ್ತಿದಾಗ ನಾನೂ ಎದ್ದು ಬಂದೆ. ಬೇರೆ ದಿನವಾಗಿದ್ದರೆ ಬಯ್ಯುತ್ತಿದ್ದರು. ಅವತ್ತು ಅವರ ಗಮನವೆಲ್ಲ ಅಂಗಿಯ ಜೇಬಿನ ಮೇಲಿತ್ತು. ನಾಲ್ಕು ಕಡ್ಡಿ ಕೊಯ್ಯುವುದು, ಫೋನ್ ತೆಗೆದು ನೋಡುವುದು, ಮತ್ತೆ ನಾಲ್ಕು ಕಡ್ಡಿ. ಸಿಗ್ನಲ್ ಬರಲಿ ಅಂತ ಬದುವಿನ ಮೇಲೆ ಹತ್ತಿ ನಿಂತು ಕೊಯ್ಯಲು ನೋಡಿದರು. ಬದುವಿನ ಮೇಲೆ ಸೊಪ್ಪು ಇರಲಿಲ್ಲ.

ಹನ್ನೆರಡೂಮುಕ್ಕಾಲಿಗೆ ಫೋನ್ ಬಂತು. ಮಾವ ತೆಗೆದು ನನಗೆ ಕೊಟ್ಟುಬಿಟ್ಟರು. "ನೀನೇ ಮಾತಾಡು" ಅಂದರು.

ನಾನು ಸ್ಪೀಕರ್ ಒತ್ತಿದೆ. ಆ ಕಡೆ ಮೈದಾನದ ಗಲಾಟೆ, ಅದರ ನಡುವೆ ಅವಳ ದನಿ.

"ಅಪ್ಪ... ಆದೆ. ಜಿಲ್ಲಾ ಟೀಮು. ಫಾರ್ವರ್ಡು. ಮೂರ್ ಗೋಲ್ ಹೊಡ್ದೆ ಅಪ್ಪ."

ಮಾವ ನನ್ನ ಮುಖ ನೋಡಿದರು, ಫೋನ್ ನೋಡಿದರು. ಕುಡುಗೋಲನ್ನು ಹೊರೆಗೆ ಸಿಕ್ಕಿಸಿ, ಬದುವಿನ ತುದಿಗೆ ಹೋಗಿ, ಎರಡೂ ಕೈ ಬಾಯಿಗೆ ಕೊಟ್ಟು ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ ಕೂಗಿದರು.

"ಲೇಯ್! ನನ್ ಮಗಳು ಜಿಲ್ಲಾ ಟೀಮು ಕಣ್ಲಾ!"

ಆಚೆಯಿಂದ ಒಬ್ಬರು ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು. "ಯಾವ್ ಆಟ?"

"ಫುಟ್‌ಬಾಲು!"

"ಹೆಣ್ಮಕ್ಳೂ ಆಡ್ತಾರಾ ಅದ?"

"ಆಡ್ತಾರಾ ಅಂತೀಯೇನ್ಲಾ? ನೆನ್ನೆ ಇಡೀ ಪ್ರಪಂಚ ಕುಂತು ನೋಡ್ತು, ನೀನ್ ಎಲ್ಲೋಗಿದ್ದೆ?" ಅಂದ ಮಾವ ಅಷ್ಟಕ್ಕೇ ಬಿಡದೆ ಬದು ದಾಟಿ ಅವರ ಹೊಲಕ್ಕೇ ಇಳಿದರು. ಎಡಗಾಲು ಎತ್ತಿ ತೋರಿಸುತ್ತ ಏನೇನೋ ವಿವರಿಸತೊಡಗಿದರು. ಪೆನಾಲ್ಟಿ ಯಾಕೆ ಕೊಡುತ್ತಾರೆ ಅನ್ನುವುದನ್ನು ಪೂರ್ತಿ ತಪ್ಪಾಗಿ ಹೇಳುತ್ತಿದ್ದರು. ಕಳೆ ಕೀಳುವವರು ಕೆಲಸ ನಿಲ್ಲಿಸಿ ಸುತ್ತ ನಿಂತಿದ್ದರು.

ಫೋನ್ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳು ಇಟ್ಟಿರಲಿಲ್ಲ.

"ಏನಂತಾವ್ರೆ ಅಪ್ಪ?" ಅಂತ ಕೇಳಿದಳು.

ನಾನು ಫೋನನ್ನು ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತರಕ್ಕೆ ಎತ್ತಿ ಹಿಡಿದೆ, ಅವಳಿಗೇ ಕೇಳಿಸಲಿ ಅಂತ.